ಸ್ಪೀಕರ್ ಕೊಳ್ಳುವಾಗ ವಾಟ್ಸ್ ಅಲ್ಲ, ಡೆಸಿಬಲ್ ಕೇಳಿ

ಮಾನ್ಯ ಸಂಪಾದಕರೇ,

ವಾಲ್ವ್ ಆಂಪ್ಲಿಫೈಯರ್ (ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್ ಹಾಕಿದ, ಹಳೇ ಕಾಲದ ಆಂಪ್ಲಿಫೈಯರ್) ಕಡೆ ಮತ್ತೆ ಜನ ತಿರುಗುತ್ತಿದ್ದಾರೆ. ದಾವಣಗೆರೆಯಲ್ಲೂ ಹುಡುಗರು ಆನ್‌ಲೈನ್‌ನಲ್ಲಿ ತರಿಸುತ್ತಿದ್ದಾರೆ. ನನಗೆ ತುಂಬಾ ಖುಷಿ. ಆದರೆ ಅದಕ್ಕೆ ಎಂಥ ಸ್ಪೀಕರ್ ಬೇಕು ಅಂತ ತಿಳಿಸಿ ಹೇಳುವವರು ಊರಲ್ಲಿ ಕಡಿಮೆ. ನಮ್ಮ ಬೀದಿಯ ಹುಡುಗನೊಬ್ಬ 5 ವಾಟ್ಸ್‌ನ ಆಂಪ್ಲಿಫೈಯರ್ ತರಿಸಿದ. ಅಂಗಡಿಯಲ್ಲಿ '100 ವಾಟ್ಸ್ ಇದೆ, ಕಣ್ಣು ಮುಚ್ಚಿ ತಗೊಳ್ಳಿ' ಅಂದರು ಅಂತ ಪುಟ್ಟ ಸ್ಪೀಕರ್ ಜೋಡಿ ತಂದ. ಮಲ್ಲಿಕಾರ್ಜುನ ಮನ್ಸೂರರನ್ನು ಹಾಕಿದರೆ ತಂಬೂರಿ ಕೇಳಿಸುವುದಿಲ್ಲ, ವಾಲ್ಯೂಮ್ ಏರಿಸಿದರೆ ದನಿ ಒಡೆಯುತ್ತದೆ. ವಾಲ್ವ್ ಅಂದರೆ ಇಷ್ಟೇ ಅಂತ ಈಗ ಅದನ್ನೇ ಮಾರಲು ಹೊರಟಿದ್ದಾನೆ.

ಸ್ಪೀಕರ್ ಮೇಲೆ 100 ವಾಟ್ಸ್ ಅಂತ ಬರೆದಿರುವುದು ಅದು ಸುಡದೆ ತಡೆದುಕೊಳ್ಳುವ ಮಿತಿ, ಅಷ್ಟೆ. ಎಷ್ಟು ಜೋರಾಗಿ ಕೇಳಿಸುತ್ತದೆ ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ. ಅದಕ್ಕೆ ಸೆನ್ಸಿಟಿವಿಟಿ ನೋಡಬೇಕು. 1 ವಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದರೆ ಎಷ್ಟು ಡೆಸಿಬಲ್ (ಸದ್ದಿನ ಅಳತೆ) ಬರುತ್ತದೆ ಅನ್ನುವ ಲೆಕ್ಕ ಅದು. 3 ಡೆಸಿಬಲ್ ಕಮ್ಮಿಯಾದರೆ ಅಷ್ಟೇ ಸದ್ದಿಗೆ ಎರಡರಷ್ಟು ಪವರ್ ಬೇಕು, 10 ಕಮ್ಮಿಯಾದರೆ ಹತ್ತರಷ್ಟು. ಅಂದರೆ 94 ಡೆಸಿಬಲ್ ಸ್ಪೀಕರ್ 5 ವಾಟ್ಸ್‌ನಲ್ಲಿ ಕೊಡುವ ಸದ್ದನ್ನು 84ರ ಸ್ಪೀಕರ್‌ನಿಂದ ತೆಗೆಯಲು 50 ವಾಟ್ಸ್ ಬೇಕು! ಆ ಹುಡುಗನ ಸ್ಪೀಕರ್ 84ರದ್ದು. ಇನ್ನೊಂದು ವಿಷಯ, ಎಷ್ಟೋ ಕಂಪನಿಗಳು 1 ವಾಟ್ ಬದಲು 2.83 ವೋಲ್ಟ್‌ಗೆ ಅಳೆದು ಬರೆಯುತ್ತವೆ. ಓಮ್ಸ್ ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ; 8 ಓಮ್ಸ್ ಸ್ಪೀಕರ್‌ಗೆ ಎರಡೂ ಒಂದೇ. 4 ಓಮ್ಸ್ ಆದರೆ ಅದು 2 ವಾಟ್ಸ್, ಹಾಗಾಗಿ 3 ಡೆಸಿಬಲ್ ಕಳೆದು ಓದಿಕೊಳ್ಳಬೇಕು.

ಹಿಂದೆ ಮನೆಮನೆಯಲ್ಲಿದ್ದ ವಾಲ್ವ್ ರೇಡಿಯೋ ನೆನಪಿದೆ ಅಲ್ವಾ? ಅದರೊಳಗೆ ಇದ್ದದ್ದು ಮೂರ್ನಾಲ್ಕು ವಾಟ್ಸ್. ಆದರೂ ಭದ್ರಾವತಿ ಆಕಾಶವಾಣಿ ಪಡಸಾಲೆ ತುಂಬಾ ಕೇಳಿಸುತ್ತಿತ್ತು, ಯಾಕೆಂದರೆ ಸ್ಪೀಕರ್ ಅಗಲವಾಗಿದ್ದು ಅದರ ಪೇಪರ್ ಕೋನ್ ಹಗುರ ಇರುತ್ತಿತ್ತು. ದುಗ್ಗಮ್ಮನ ಜಾತ್ರೆಯಲ್ಲಿ ಮೈಕ್‌ಸೆಟ್‌ನವರು ಕಟ್ಟುವ ಹಾರ್ನ್ ಅಷ್ಟು ದೂರ ಕೇಳಿಸುವುದೂ ಹಾರ್ನ್‌ನ ಸೆನ್ಸಿಟಿವಿಟಿ 100 ಡೆಸಿಬಲ್ ದಾಟುವುದರಿಂದಲೇ. ಈಗಿನ ಪುಟ್ಟ ಡಬ್ಬಿಗಳು ಸಣ್ಣ ಜಾಗದಲ್ಲೇ ಬೇಸ್ ತೆಗೆಯಬೇಕು, ಅದಕ್ಕೆ ಸೆನ್ಸಿಟಿವಿಟಿ ಬಿಟ್ಟುಕೊಡುತ್ತವೆ. ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ಗೆ ಅದು ತೊಂದರೆಯಲ್ಲ, ಅದರಲ್ಲಿ ಪವರ್ ಧಾರಾಳ. ಸಣ್ಣ ವಾಲ್ವ್ ಆಂಪ್ಲಿಫೈಯರ್ ಹಾಗಲ್ಲ. 300ಬಿ ವಾಲ್ವ್ ಒಂದೇ ಹಾಕಿದ ಆಂಪ್ಲಿಫೈಯರ್ ಸುಮಾರು 8 ವಾಟ್ಸ್ ಕೊಟ್ಟರೆ 2ಎ3 ಅನ್ನುವ ವಾಲ್ವ್ ಕೊಡುವುದು ಮೂರೂವರೆ. ಇಂಥವಕ್ಕೆ ದೊಡ್ಡ ಹಾಲ್‌ನಲ್ಲಿ 95ರ ಮೇಲಿನ ಸ್ಪೀಕರ್ ಬೇಕು. ಚಿಕ್ಕ ಕೋಣೆಯಲ್ಲಿ ಹತ್ತಿರ ಕೂತು ಸಣ್ಣ ದನಿಯಲ್ಲಿ ಕೇಳುವವರಿಗೆ 90 ಆದರೂ ನಡೆಯುತ್ತದೆ.

ಡೆಸಿಬಲ್ ಒಂದೇ ಸಾಲದು, ಇಂಪಿಡೆನ್ಸ್, ಅಂದರೆ ಆ ಓಮ್ಸ್ ಲೆಕ್ಕದ ತಡೆ, ಕೂಡ ನೋಡಬೇಕು. 8 ಓಮ್ಸ್ ಅಂತ ಬರೆದ ಕೆಲವು ಸ್ಪೀಕರ್ ಒಂದೊಂದು ಸ್ವರದಲ್ಲಿ 3 ಓಮ್ಸ್‌ಗೆ ಇಳಿದುಬಿಡುತ್ತವೆ, ಅಲ್ಲಿ ಸಣ್ಣ ವಾಲ್ವ್ ಆಂಪ್ಲಿಫೈಯರ್ ಸೋಲುತ್ತದೆ. ಅದರಲ್ಲೂ ಫೀಡ್‌ಬ್ಯಾಕ್ (ಹೊರಬಂದ ಸಿಗ್ನಲ್‌ನ ಸ್ವಲ್ಪ ಭಾಗವನ್ನು ಒಳಕ್ಕೆ ತಿರುಗಿಸಿ ತಪ್ಪು ತಿದ್ದುವ ಏರ್ಪಾಡು) ಇಲ್ಲದ ಆಂಪ್ಲಿಫೈಯರ್ ಆದರೆ ಇಂಪಿಡೆನ್ಸ್ ಏರಿದ ಕಡೆ ಸದ್ದು ಏರಿ, ಇಳಿದ ಕಡೆ ತಗ್ಗಿ, ಹಾಡಿನ ಸ್ವರೂಪವೇ ಬದಲಾಗುತ್ತದೆ, ತಬಲಾದ ಎಡ ಊದಿಕೊಂಡ ಹಾಗೆ ಕೇಳುತ್ತದೆ. ಆಂಪ್ಲಿಫೈಯರ್‌ನ ಹಿಂಬದಿಯಲ್ಲಿ 4, 8 ಓಮ್ಸ್ ಅಂತ ಬೇರೆ ಬೇರೆ ಟರ್ಮಿನಲ್ ಇದ್ದರೆ ಎರಡಕ್ಕೂ ಹಾಕಿ ಕೇಳಿ, ಕಿವಿಗೆ ಯಾವುದು ಸರಿಯೋ ಅದನ್ನು ಇಟ್ಟುಕೊಳ್ಳಿ. ವಯರ್ ಬದಲಿಸುವ ಮೊದಲು ಆಂಪ್ಲಿಫೈಯರ್ ಆಫ್ ಮಾಡಲೇಬೇಕು. ಸ್ಪೀಕರ್ ಇಲ್ಲದೆ ಸುಮ್ನೆ ಆನ್ ಮಾಡಿ ಹಾಡು ಹಾಕಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ (ವಾಲ್ವ್‌ಗೂ ಸ್ಪೀಕರ್‌ಗೂ ಹೊಂದಿಸುವ ಭಾಗ) ಸುಟ್ಟುಹೋಗಬಹುದು, ಆಂಪ್ಲಿಫೈಯರ್‌ನಲ್ಲಿ ಜಾಸ್ತಿ ಬೆಲೆ ಬಾಳುವ ಭಾಗಗಳಲ್ಲಿ ಅದೂ ಒಂದು.

ಅಂಗಡಿಯವರಲ್ಲಿ ನನ್ನದೊಂದು ಕೋರಿಕೆ. ಬೆಲೆ ಚೀಟಿಯಲ್ಲಿ ವಾಟ್ಸ್ ಪಕ್ಕ ಸೆನ್ಸಿಟಿವಿಟಿ, ಓಮ್ಸ್ ಎರಡನ್ನೂ ಬರೆಯಿರಿ. ಗಿರಾಕಿ ತನ್ನ ಆಂಪ್ಲಿಫೈಯರ್ ಹೊತ್ತು ತಂದರೆ ಬೇಡ ಅನ್ನದೆ ಹಾಕಿ ಕೇಳಿಸಿ. ತಾವೂ ತಂತ್ರಜ್ಞಾನದ ಪುಟದಲ್ಲಿ ಸ್ಪೀಕರ್ ಬಗ್ಗೆ ಬರೆಸುವಾಗ ಈ ಎರಡು ಅಂಕಿ ಬಿಡದೆ ಹಾಕಿಸಬೇಕು. ಆ ಹುಡುಗನಿಗಂತೂ ಆಂಪ್ಲಿಫೈಯರ್ ಇಟ್ಟುಕೊಂಡು ಸ್ಪೀಕರ್ ಮಾರು ಅಂತ ಹೇಳಿದ್ದೇನೆ.

– ಒಬ್ಬ ಓದುಗ, ವಿದ್ಯಾನಗರ, ದಾವಣಗೆರೆ