ಮಗಳೇ, ಮಗ್ಗುಲಾಗಿ ಮಲಗು

ಮುಧೋಳ

ಪ್ರೀತಿಯ ಮಗಳೇ,

ಅಂಗಾತ ಮಲಗಿದರೆ ತಲೆ ತಿರುಗುತ್ತದೆ, ಬೆವರು ಬರುತ್ತದೆ, ಹೊರಳಿದರೆ ಸರಿಹೋಗುತ್ತದೆ ಅಂತ ನಿನ್ನೆ ಫೋನಿನಲ್ಲಿ ಅಂದೆಯಲ್ಲ. ರಕ್ತ ಕಡಿಮೆ ಇರಬೇಕು ಅಂತ ನೀನೇ ತೀರ್ಮಾನ ಮಾಡಿಕೊಂಡಿದ್ದೀಯ. ಪರೀಕ್ಷೆ ಮಾಡಿಸು, ಡಾಕ್ಟರಿಗೂ ಹೇಳು. ಆದರೆ ಅಂಗಾತ ಮಲಗಿದಾಗಷ್ಟೇ ಬರುವ ಈ ಸಂಕಟಕ್ಕೆ ಸಾಮಾನ್ಯವಾಗಿ ಕಾರಣ ಬೇರೆ. ಅದನ್ನು ಫೋನಿನಲ್ಲಿ ಅವಸರದಲ್ಲಿ ಹೇಳೋದು ಬೇಡ ಅನಿಸಿತು, ಅದಕ್ಕೇ ಬರೆಯುತ್ತಿದ್ದೇನೆ.

ಬೆನ್ನುಮೂಳೆಯ ಮುಂದೆ, ಸ್ವಲ್ಪ ಬಲಕ್ಕೆ, ಒಂದು ದೊಡ್ಡ ರಕ್ತನಾಳ ಇದೆ. ಕಾಲು, ಸೊಂಟ, ಗರ್ಭಚೀಲದ ರಕ್ತ ಹೃದಯಕ್ಕೆ ಮರಳುವುದು ಹೆಚ್ಚಾಗಿ ಅದರಲ್ಲೇ. ಅದರ ಗೋಡೆ ತೆಳು, ಒಳಗಿನ ಒತ್ತಡವೂ ಕಡಿಮೆ. ಈಗ ನಿನಗೆ ಎಂಟು ತಿಂಗಳು. ಮಗು, ನೀರು, ಮಾಸು ಎಲ್ಲ ಸೇರಿ ಭಾರವಾದ ಗರ್ಭಚೀಲ, ನೀನು ಅಂಗಾತ ಮಲಗಿದ ಕೂಡಲೇ ಆ ನಾಳದ ಮೇಲೆ ಬೀಳುತ್ತದೆ. ಕಬ್ಬಿಗೆ ನೀರು ಬಿಟ್ಟಾಗ ಮೆತ್ತನೆಯ ಪೈಪಿನ ಮೇಲೆ ಕಾಲಿಟ್ಟ ಹಾಗೆ. ಹೃದಯಕ್ಕೆ ಬರುವ ರಕ್ತವೇ ಕಡಿಮೆಯಾದರೆ ಅದು ಹೊರಗೆ ತಳ್ಳುವುದೂ ಕಡಿಮೆಯಾಗುತ್ತದೆ, ಅಲ್ವಾ? ಬಿಪಿ ಇಳಿಯುತ್ತದೆ, ಎದೆ ಡವಡವ ಅನ್ನುತ್ತದೆ, ವಾಕರಿಕೆ ಬರುತ್ತದೆ.

ಎಲ್ಲ ಬಸುರಿಯರಿಗೂ ಹೀಗಾಗುವುದಿಲ್ಲ. ಬೆನ್ನುಮೂಳೆಯ ಪಕ್ಕದ ಸಣ್ಣ ನಾಳಗಳು ಹಲವರಲ್ಲಿ ಬದಲಿ ದಾರಿ ಮಾಡಿಕೊಡುತ್ತವೆ. ಆದರೆ ತಾಯಿಗೆ ಏನೂ ಅನಿಸದಿದ್ದರೂ ಮಗುವಿಗೆ ಹೋಗುವ ರಕ್ತ ಕಡಿಮೆಯಾಗಬಹುದು. ಅದಕ್ಕೇ 28 ವಾರ ಕಳೆದ ಮೇಲೆ ಮಗ್ಗುಲಾಗಿ ಮಲಗಿ ನಿದ್ದೆ ಹೋಗಿ ಅನ್ನುತ್ತಾರೆ. ಅಂಗಾತ ಮಲಗಿ ನಿದ್ದೆಗೆ ಜಾರುವವರಲ್ಲಿ ಮಗು ಹೊಟ್ಟೆಯಲ್ಲೇ ತೀರಿಕೊಳ್ಳುವ ಅಪಾಯ ಜಾಸ್ತಿ ಅಂತ ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಬ್ರಿಟನ್ನಿನ ಅಧ್ಯಯನಗಳಲ್ಲಿ ಕಂಡಿದೆ. ಹೆದರಬೇಡ. ಆ ಅಪಾಯ ಮೊದಲಿಗೇ ಬಹಳ ಚಿಕ್ಕದು, ಅದನ್ನು ಇನ್ನೂ ಚಿಕ್ಕದು ಮಾಡುವ ದಾರಿ ನಿನ್ನ ಕೈಯಲ್ಲೇ ಇದೆ.

ಎಡವೋ ಬಲವೋ ಅಂತ ತಲೆ ಕೆಡಿಸಿಕೊಳ್ಳಬೇಡ. ಎಡಮಗ್ಗುಲೇ ಒಳ್ಳೆಯದು ಅಂತ ನಾವು ನರ್ಸುಗಳು ವರ್ಷಗಟ್ಟಲೆ ಹೇಳಿದ್ದೇವೆ. ನಾಳ ಬಲಕ್ಕಿರುವುದರಿಂದ ಅದಕ್ಕೆ ಅರ್ಥವೂ ಇದೆ, ಎದೆಯುರಿಗೂ ಎಡವೇ ಹಿತ. ಆದರೆ 2019ರಲ್ಲಿ ಆ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿದಾಗ ಬಲಮಗ್ಗುಲಿಗೂ ಎಡಮಗ್ಗುಲಿಗೂ ವ್ಯತ್ಯಾಸ ಕಾಣಲಿಲ್ಲ. ಒಂದೇ ಕಡೆ ಮಲಗಿ ಸೊಂಟ ನೋಯಿಸಿಕೊಳ್ಳಬೇಡ. ನಡುರಾತ್ರಿ ಎಚ್ಚರಾದಾಗ ಅಂಗಾತ ಇದ್ದರೆ ಸುಮ್ನೆ ಮಗ್ಗುಲಾಗು, ಅಷ್ಟೇ.

ಹೊರಳುವಾಗ ಎದ್ದು ಕೂತೇ ಹೊರಳಬೇಕು, ಇಲ್ಲದಿದ್ದರೆ ಮಗುವಿಗೆ ಕರುಳು ಸುತ್ತಿಕೊಳ್ಳುತ್ತದೆ ಅಂತ ನಿಮ್ಮ ಅತ್ತೆಯವರು ಹೇಳಿದ್ದಾರಲ್ಲ. ನಮ್ಮ ಅವ್ವನೂ ಹೀಗೇ ಹೇಳುತ್ತಿದ್ದಳು, ಮಮತೆಯಿಂದಲೇ. ಆದರೆ ಹೊಕ್ಕುಳಬಳ್ಳಿ ಸುತ್ತಿಕೊಳ್ಳುವುದು ಮಗು ಒಳಗೆ ತಾನೇ ತಿರುಗಾಡುವುದರಿಂದ, ನೀನು ಹೊರಳುವುದರಿಂದ ಅಲ್ಲ. ಅವರೊಂದಿಗೆ ವಾದ ಬೇಡ. ನೀನು ನಿನ್ನ ಪಾಡಿಗೆ ಮಲಗಿದಲ್ಲೇ ಮೆಲ್ಲಗೆ ಹೊರಳು. ಬೆಳಿಗ್ಗೆ ಏಳುವಾಗ ಮಾತ್ರ ಮೊದಲು ಮಗ್ಗುಲಾಗಿ, ಕೈ ಊರಿ, ಸ್ವಲ್ಪ ಹೊತ್ತು ಕೂತು ಆಮೇಲೆ ನಿಲ್ಲು.

ಕುಬಸದ ದಿನ ಕೊಟ್ಟು ಬಂದ ಕೌದಿಯನ್ನು ಸುರುಳಿ ಸುತ್ತಿ ಬೆನ್ನ ಹಿಂದೆ ಒತ್ತರಿಸಿಕೋ. ನಿದ್ದೆಗಣ್ಣಲ್ಲಿ ಅಂಗಾತ ಆಗದಂತೆ ಅದು ತಡೆಯುತ್ತದೆ. ಮೊಣಕಾಲುಗಳ ನಡುವೆ ಒಂದು ದಿಂಬು, ಹೊಟ್ಟೆಯ ಕೆಳಗೆ ಇನ್ನೊಂದು ತೆಳ್ಳಗಿನದು. ಸಂಜೆಗೆ ಪಾದ ಬಾತಿದ್ದರೂ ಮಗ್ಗುಲಾಗಿ ಮಲಗಿದರೆ ಕಾಲಿನ ರಕ್ತ ಸಲೀಸಾಗಿ ಮೇಲೇರುತ್ತದೆ. ಮುಖ, ಕೈ ಬಾತರೆ, ತಲೆನೋವು ಬಂದರೆ, ಕಣ್ಣು ಮಂಜಾದರೆ ಅದು ಬೇರೆ ವಿಷಯ. ಅವತ್ತೇ ದವಾಖಾನೆಗೆ ಹೋಗು.

ನನ್ನ ಮನಸ್ಸಿಗೆ ಜಾಸ್ತಿ ಚುಚ್ಚುವುದು ಇನ್ನೊಂದಿದೆ. ತಪಾಸಣೆಯ ಮೇಜಿನ ಮೇಲೆ ಅಂಗಾತ ಮಲಗಿ, ಮುಖ ಬಿಳುಚಿಕೊಂಡು, ತುಟಿ ಕಚ್ಚಿಕೊಂಡು ಸುಮ್ಮನಿದ್ದ ಎಷ್ಟೋ ಹುಡುಗಿಯರನ್ನು ನಾನು ಕಂಡಿದ್ದೇನೆ. ಡಾಕ್ಟರ ಮುಂದೆ ಹೇಗೆ ಹೇಳೋದು ಅನ್ನುವ ಸಂಕೋಚ ಅವರಿಗೆ. ಎಡಕ್ಕೆ ಹೊರಳಿಸಿದರೆ ಸ್ವಲ್ಪ ಹೊತ್ತಿಗೆ ಮುಖಕ್ಕೆ ಕಳೆ ಬರುತ್ತಿತ್ತು. ಸಿಸೇರಿಯನ್ ಮಾಡುವಾಗಲೂ ಬಲಸೊಂಟದ ಕೆಳಗೆ ಆಸರೆ ಕೊಟ್ಟು ಸುಮಾರು 15 ಡಿಗ್ರಿ ಎಡಕ್ಕೆ ಓರೆ ಮಾಡುವುದು ಇದೇ ಕಾರಣಕ್ಕೆ. ನೀನು ಸ್ಕ್ಯಾನಿಂಗಿಗೆ ಹೋದಾಗ ತಲೆ ತಿರುಗಿದರೆ ತಕ್ಷಣ ಬಾಯಿಬಿಟ್ಟು ಹೇಳು, ಹೊರಳು. ಯಾರೂ ಏನೂ ಅಂದುಕೊಳ್ಳುವುದಿಲ್ಲ. ಅಂದುಕೊಂಡರೂ ಪರವಾಗಿಲ್ಲ.

ಮಗ್ಗುಲಾದ ಮೇಲೂ ತಲೆಸುತ್ತು ಹೋಗದಿದ್ದರೆ, ಅಥವಾ ಮಗುವಿನ ಓಡಾಟ ಕಡಿಮೆ ಅನಿಸಿದರೆ, ಬೆಳಗಾಗಲಿ ಅಂತ ಕಾಯಬೇಡ. ಅಳಿಯಂದಿರನ್ನು ಎಬ್ಬಿಸಿ ಆಗಲೇ ದವಾಖಾನೆಗೆ ಹೋಗು. ದಾರಿಯಿಂದ ನನಗೆ ಫೋನ್ ಮಾಡು. ಎಷ್ಟು ಹೊತ್ತಾಗಿದ್ದರೂ ಸಿಕ್ಕ ಗಾಡಿ ಹತ್ತಿ ಬೆಳಗಾವಿಗೆ ಬರುತ್ತೇನೆ.

ನಿನ್ನ
ಅವ್ವ