ಧನುಷ್ಕೋಡಿ ಹಳಿಯ ಅರ್ಧ ಕಥೆ ಸುಳ್ಯ, ಪುತ್ತೂರಿನಲ್ಲಿದೆ

ಸಂಪಾದಕರಿಗೆ ನಮಸ್ಕಾರ,

ಪಾಂಬನ್‌ನ ಹೊಸ ರೈಲು ಸೇತುವೆ, ಅಂದರೆ ತಮಿಳುನಾಡಿನ ದಡದಿಂದ ರಾಮೇಶ್ವರ ದ್ವೀಪಕ್ಕೆ ಹೋಗುವ ಸೇತುವೆ, ಅದರ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಬರಹ ಓದಿದೆ. ಸೇತುವೆಯ ನಡುವಿನ ಭಾಗ ಲಿಫ್ಟ್ ಥರ ನೇರವಾಗಿ ಮೇಲೇಳುವುದು, 2025ರ ಏಪ್ರಿಲ್‌ನಲ್ಲಿ ಪ್ರಧಾನಿ ಬಂದು ಉದ್ಘಾಟಿಸಿದ್ದು ಎಲ್ಲ ಚೆನ್ನಾಗಿ ಬರೆದಿದ್ದೀರಿ. ಆದರೆ ಆ ದ್ವೀಪದ ತುದಿಯಲ್ಲಿರುವ ಧನುಷ್ಕೋಡಿಗೆ ಸಿಕ್ಕಿದ್ದು ಎರಡೇ ಸಾಲು. ಚಂಡಮಾರುತ ಬಂತು, ರೈಲು ಕೊಚ್ಚಿ ಹೋಯಿತು, ಊರು ಹಾಳಾಯಿತು, ಈಗ ಪ್ರವಾಸಿಗರು ನೋಡಲು ಹೋಗುತ್ತಾರೆ, ಅಷ್ಟೇ. ಹಳೇ ಸೇತುವೆ ಕಟ್ಟಿದ್ದೇ ಧನುಷ್ಕೋಡಿಯ ಧಕ್ಕೆಗಾಗಿ, ಅಲ್ಲಿಂದ ಸಿಲೋನಿಗೆ (ಈಗಿನ ಶ್ರೀಲಂಕಾ) ಹೊರಡುತ್ತಿದ್ದ ಸ್ಟೀಮರಿಗಾಗಿ ಅನ್ನುವ ಮಾತೇ ಇಲ್ಲ. ಅದಕ್ಕೇ ಈ ಪತ್ರ.

ಮೊದಲು ಮದ್ರಾಸಿನಿಂದ ಕೊಲಂಬೊಗೆ ಹೋಗುವವರು ರೈಲಿನಲ್ಲಿ ತೂತುಕುಡಿಗೆ ಹೋಗಿ, ಅಲ್ಲಿ ಹಡಗು ಹತ್ತಿ, ಒಂದಿಡೀ ರಾತ್ರಿ ಸಮುದ್ರದಲ್ಲಿ ಕಳೆಯಬೇಕಿತ್ತು. ಸಿಲೋನಿನ ತಲೈಮನ್ನಾರ್ ಮಾತ್ರ ಧನುಷ್ಕೋಡಿಯಿಂದ ಬರೀ 35 ಕಿಲೋಮೀಟರ್ ಆಚೆ. ನಡುವೆ ರಾಮಸೇತುವಿನ ಮರಳು ದಿಬ್ಬಗಳ ಸಾಲು. ಅದರ ಮೇಲೇ ಹಳಿ ಹಾಕಿ ರೈಲನ್ನು ಸೀದಾ ಸಿಲೋನಿಗೆ ಒಯ್ಯುವ ಯೋಚನೆಯೂ ಇತ್ತು, ಖರ್ಚು ನೋಡಿ ಕೈಬಿಟ್ಟರು. ಬದಲಿಗೆ ಪಾಂಬನ್ ಕಡಲಿಗೆ ಎರಡು ಕಿಲೋಮೀಟರ್ ಉದ್ದದ ಸೇತುವೆ ಹಾಕಿ, ದ್ವೀಪದ ತುದಿಯವರೆಗೆ ಮೀಟರ್ ಗೇಜ್ ಹಳಿ ಎಳೆದು, ಉಳಿದ ದಾರಿಯನ್ನು ಸ್ಟೀಮರಿಗೆ ಬಿಟ್ಟರು. 1914ರ ಫೆಬ್ರವರಿ ಕೊನೆಗೆ ಸೇತುವೆ ಶುರುವಾಯಿತು, ಮಾರ್ಚ್‌ನಲ್ಲಿ ಸ್ಟೀಮರ್. ಆಚೆ ದಡದಲ್ಲಿ ತಲೈಮನ್ನಾರ್ ಧಕ್ಕೆಯ ಮೇಲೇ ಸಿಲೋನ್ ರೈಲ್ವೆಯ ಸ್ಟೇಷನ್. ಮದ್ರಾಸಿನ ಎಗ್ಮೋರಿನಲ್ಲಿ ತೆಗೆದ ಒಂದೇ ಟಿಕೆಟಿನಲ್ಲಿ ರೈಲು, ಹಡಗು, ಮತ್ತೆ ರೈಲು ಅಂತ ಕೊಲಂಬೊ ಮುಟ್ಟಬಹುದಿತ್ತು. ಚೆನ್ನೈ-ರಾಮೇಶ್ವರ ರೈಲನ್ನು ಇವತ್ತಿಗೂ ಜನ ಬೋಟ್ ಮೇಲ್ ಅನ್ನುತ್ತಾರಲ್ವಾ, ಆ ಹೆಸರು ಉಳಿದದ್ದು ಹೀಗೆ.

ರಾಮೇಶ್ವರಕ್ಕೆ ಹೋಗುವ ನಮ್ಮವರಿಗೆ ಇನ್ನೊಂದು ವಿಷಯ ಹೊಸದು ಅನ್ನಿಸಬಹುದು. ಆಗ ಪಾಂಬನ್ ಒಂದು ಜಂಕ್ಷನ್. ಬೋಟ್ ಮೇಲ್ ಅಲ್ಲಿಂದ ಸೀದಾ ಧನುಷ್ಕೋಡಿಗೆ ಹೋಗುತ್ತಿತ್ತು. ರಾಮೇಶ್ವರಕ್ಕೆ ಹೋಗುತ್ತಿದ್ದದ್ದು ಕವಲು ದಾರಿ. ಧನುಷ್ಕೋಡಿಯಲ್ಲಿ ಸ್ಟೇಷನ್, ಕಸ್ಟಮ್ಸ್, ಅಂಚೆ ಕಚೇರಿ, ಶಾಲೆ, ಚರ್ಚು ಎಲ್ಲ ಇದ್ದದ್ದು ಅದಕ್ಕೇ. ಅದು ದೇಶದ ಒಂದು ಹೆಬ್ಬಾಗಿಲು.

ಆ ಬಾಗಿಲು ದಾಟಿದವರು ಯಾರು? ಹಳೇ ಫೋಟೊಗಳಲ್ಲಿ ಟೋಪಿ ಹಾಕಿದ ದೊರೆಗಳು ಕಾಣುತ್ತಾರೆ. ಆದರೆ ಹಡಗಿನ ಕೆಳಗಿನ ಡೆಕ್ಕಿನಲ್ಲಿ ಗುಂಪುಗುಂಪಾಗಿ ಹೋದವರು ಸಿಲೋನಿನ ಟೀ ತೋಟದ ಕೂಲಿಗಳು. ತಿರುಚ್ಚಿ, ಮಧುರೆ, ಸೇಲಂ ಕಡೆಯ ಹಳ್ಳಿಗಳಿಂದ, ಬಹುಪಾಲು ಕೆಳಜಾತಿಯ, ಸಾಲದಲ್ಲಿ ಮುಳುಗಿದ ಕುಟುಂಬಗಳನ್ನು ಕಂಗಾಣಿಗಳು, ಅಂದರೆ ತೋಟಕ್ಕೆ ಆಳು ಕೂಡಿಸುವ ಮೇಸ್ತ್ರಿಗಳು, ಮುಂಗಡ ಕೊಟ್ಟು ಕರೆದೊಯ್ಯುತ್ತಿದ್ದರು. ರೈಲು, ಹಡಗು ಬರುವ ಮುಂಚೆ ಇವರ ಹಿಂದಿನ ತಲೆಮಾರು ದೋಣಿಯಲ್ಲಿ ಮನ್ನಾರ್ ಕರಾವಳಿಗೆ ಇಳಿದು, ಕಾಡಿನಲ್ಲಿ ನಡೆದೇ ಮಾತಳೆ ಕಡೆಯ ಕಾಫಿ ತೋಟಗಳಿಗೆ ಹೋಗುತ್ತಿತ್ತು. ಕಾಲರಾ, ಜ್ವರ, ನೀರಿಲ್ಲದೆ ದಾರಿಯಲ್ಲೇ ಸತ್ತವರು ಲೆಕ್ಕವಿಲ್ಲದಷ್ಟು.

ರೈಲು ಬಂದಮೇಲೆ ಸಾವು ಕಡಿಮೆಯಾಯಿತು, ನಿಜ. ಆದರೆ ನಡೆಸಿಕೊಂಡ ರೀತಿ ಕೇಳಿ. ಸೇತುವೆಗೆ ಮುಂಚೆ ಸಿಗುವ ಮಂಡಪಂನಲ್ಲಿ, ಅಂದರೆ ನಮ್ಮ ನೆಲದಲ್ಲೇ, ಸಿಲೋನ್ ಸರ್ಕಾರ ಒಂದು ಕ್ಯಾಂಪ್ ನಡೆಸುತ್ತಿತ್ತು. ಕೂಲಿಗಳನ್ನು ಅಲ್ಲಿ ಕೆಲವು ದಿನ ಕೂಡಿಹಾಕಿ, ಬಟ್ಟೆಬರೆ ಬಿಸಿ ಹಬೆಗೆ ಹಾಕಿ, ಸಿಡುಬಿನ ಚುಚ್ಚುಮದ್ದು ಕೊಟ್ಟು, ರೋಗ ಇಲ್ಲ ಅಂತ ಖಾತ್ರಿಯಾದ ಮೇಲೆ ಮುಂದೆ ಕಳಿಸುತ್ತಿದ್ದರು. ಮೇಲಿನ ತರಗತಿಯ ಪ್ರಯಾಣಿಕರಿಗೆ ಈ ಕಾಟ ಇರಲಿಲ್ಲ. ಕೂಲಿಗಳಿಗೆ ಒಂದೊಂದು ತಗಡಿನ ಬಿಲ್ಲೆ. ಅದರ ಮೇಲೆ ತೋಟದ ನಂಬರು. ಆ ಬಿಲ್ಲೆ ತೋರಿಸಿದರೆ ರೈಲು, ಹಡಗು, ಊಟದ ಖರ್ಚೆಲ್ಲ ಆ ತೋಟದ ಲೆಕ್ಕಕ್ಕೆ. ಹೆಂಗಸರು, ಮಕ್ಕಳು, ಯಾರೇ ಇರಲಿ, ಬಿಲ್ಲೆಯ ಮೇಲಿನ ನಂಬರೇ ಅವರ ಗುರುತು. ಪಾರ್ಸೆಲ್‌ಗೆ ಚೀಟಿ ಕಟ್ಟಿ ಕಳಿಸಿದ ಹಾಗೆ. ಧನುಷ್ಕೋಡಿ ಹಳಿಯ ಬಗ್ಗೆ ಬರೆಯುವವರು ಈ ಬಿಲ್ಲೆಯನ್ನು ಬಿಟ್ಟು ಬರೆದರೆ ಅದು ಬರೀ ಕಬ್ಬಿಣದ ಕಥೆ ಅಂತ ನನಗನ್ನಿಸುತ್ತದೆ.

ಮುಂದೆ 1948ರಲ್ಲಿ ಸಿಲೋನ್ ಸ್ವತಂತ್ರವಾದಾಗ ಹೊಸ ಪೌರತ್ವ ಕಾಯ್ದೆ ಬಂತು. ತಲೆಮಾರುಗಟ್ಟಲೆ ಅಲ್ಲೇ ದುಡಿದ ಈ ಜನರಲ್ಲಿ ಹೆಚ್ಚಿನವರು ಯಾವ ದೇಶಕ್ಕೂ ಸೇರದವರಾದರು. 1964ರ ಅಕ್ಟೋಬರ್ 30ರಂದು ನಮ್ಮ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿಲೋನಿನ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಇವರ ಬಗ್ಗೆ ಒಪ್ಪಂದ ಮಾಡಿಕೊಂಡರು. ಸುಮಾರು 9.75 ಲಕ್ಷ ಜನರಲ್ಲಿ 5.25 ಲಕ್ಷ ಮಂದಿ ಭಾರತಕ್ಕೆ, 3 ಲಕ್ಷ ಸಿಲೋನಿಗೆ, ಉಳಿದವರ ವಿಚಾರ ಆಮೇಲೆ. ಅಜ್ಜ ಅಜ್ಜಿಯರು ಹೋದ ದಾರಿಯಲ್ಲೇ ಮೊಮ್ಮಕ್ಕಳು ವಾಪಸ್ ಬರಬೇಕು.

ಅದಾಗಿ ಎರಡು ತಿಂಗಳೂ ಕಳೆದಿರಲಿಲ್ಲ, ಡಿಸೆಂಬರ್ 22ರ ರಾತ್ರಿ ಚಂಡಮಾರುತಕ್ಕೆ ಆ ದಾರಿಯೇ ಇಲ್ಲವಾಯಿತು. ಪಾಂಬನ್‌ನಿಂದ ನಡುರಾತ್ರಿಗೆ ಸ್ವಲ್ಪ ಮುಂಚೆ ಹೊರಟ 653ನೇ ನಂಬರಿನ ಪ್ಯಾಸೆಂಜರ್ ರೈಲು ನೂರಕ್ಕೂ ಹೆಚ್ಚು ಜನರ ಸಮೇತ ಧನುಷ್ಕೋಡಿ ಹತ್ತಿರ ಅಲೆಗಳ ಪಾಲಾಯಿತು. ಸ್ಟೇಷನ್, ಧಕ್ಕೆ, ಊರು ಯಾವುದೂ ಉಳಿಯಲಿಲ್ಲ. ಪಾಂಬನ್ ಸೇತುವೆಯ ಬಹುಪಾಲು ಗರ್ಡರುಗಳು ಕಡಲಿಗೆ ಬಿದ್ದವು. ಅದನ್ನು 46 ದಿನಗಳಲ್ಲಿ ಮತ್ತೆ ನಿಲ್ಲಿಸಿದ ತಂಡದ ಮುಂದಾಳು ಇ. ಶ್ರೀಧರನ್. ಮುಂದೆ ನಮ್ಮ ಕರಾವಳಿಗೆ ಕೊಂಕಣ ರೈಲು ತಂದವರೂ ಅವರೇ. ಸೇತುವೆ ಎದ್ದಿತು. ಧನುಷ್ಕೋಡಿ ಏಳಲಿಲ್ಲ. ಸರ್ಕಾರ ಅಲ್ಲಿ ವಾಸ ಬೇಡ ಅಂದಿತು, ಹಳಿಯನ್ನೂ ಬಿಟ್ಟಿತು. ಸಿಲೋನಿನ ಹಡಗು ಧನುಷ್ಕೋಡಿಯ ಬದಲು ರಾಮೇಶ್ವರಕ್ಕೆ ಬರತೊಡಗಿತು.

ಒಪ್ಪಂದದಡಿ ಬಂದವರು ಇಳಿದದ್ದು ಹೀಗೆ ರಾಮೇಶ್ವರದಲ್ಲಿ. ತಲೈಮನ್ನಾರ್‌ನಿಂದ ‘ರಾಮಾನುಜಂ’ ಹಡಗು, ಆಮೇಲೆ ಮಂಡಪಂ ಕ್ಯಾಂಪ್, ಅಲ್ಲಿಂದ ಎಲ್ಲಿ ಕೆಲಸ ಕೊಟ್ಟರೋ ಅಲ್ಲಿಗೆ. ಹೋಗುವಾಗ ಕೂಡಿಹಾಕಿದ ಮಂಡಪಂಗೇ ಬರುವಾಗಲೂ ಬರಬೇಕಾಯಿತು ನೋಡಿ. ಅವರಲ್ಲಿ ಒಂದಷ್ಟು ಕುಟುಂಬಗಳನ್ನು ನಮ್ಮ ಸುಳ್ಯ, ಪುತ್ತೂರು ತಾಲ್ಲೂಕುಗಳ ಸರ್ಕಾರಿ ರಬ್ಬರ್ ತೋಟಗಳಿಗೆ ತಂದರು. ಇವತ್ತು ಅರಣ್ಯ ಅಭಿವೃದ್ಧಿ ನಿಗಮದ ತೋಟಗಳಲ್ಲಿ ಬೆಳಕು ಹರಿಯುವ ಮುಂಚೆ ರಬ್ಬರ್ ಹಾಲು ತೆಗೆಯುವ ಟ್ಯಾಪಿಂಗ್‌ಗೆ ಹೋಗುವವರಲ್ಲಿ ಅವರ ಮಕ್ಕಳು, ಮೊಮ್ಮಕ್ಕಳು ಇದ್ದಾರೆ. ಮನೆಯಲ್ಲಿ ತಮಿಳು, ಪೇಟೆಯಲ್ಲಿ ಕನ್ನಡ, ತುಳು. ನಾವು ಅವರನ್ನು ಸಿಲೋನಿನವರು ಅಂತ ಕರೆದು ಸುಮ್ಮನಾಗುತ್ತೇವೆ. ಅವರು ಯಾವ ಹಳಿ, ಯಾವ ಹಡಗು ದಾಟಿ ಬಂದರು ಅಂತ ಕೇಳಿದವರು ಕಡಿಮೆ.

ಆಚೆ ದಡದಲ್ಲಿ ಶ್ರೀಲಂಕಾದ ಅಂತರ್ಯುದ್ಧದಿಂದ ನಿಂತಿದ್ದ ರೈಲು 2015ರಲ್ಲಿ ಮತ್ತೆ ತಲೈಮನ್ನಾರ್ ಧಕ್ಕೆ ಮುಟ್ಟಿತು, ಅದನ್ನು ಕಟ್ಟಿಕೊಟ್ಟದ್ದೂ ಭಾರತವೇ. ಈಚೆ ಕಡೆ ಧನುಷ್ಕೋಡಿಗೆ ಹೊಸ ಹಳಿ ಹಾಕುವುದಕ್ಕೆ 2019ರಲ್ಲಿ ಶಂಕುಸ್ಥಾಪನೆ ಆಗಿತ್ತು. ರೈಲು ಇನ್ನೂ ಬಂದಿಲ್ಲ. ಆ ಮರಳಿನ ಪಟ್ಟಿಯನ್ನು ಕಣ್ಣಾರೆ ಕಂಡಿರುವ ನನಗೆ ಬರಲೇಬೇಕು ಅನ್ನುವ ಹಠ ಇಲ್ಲ, ಎರಡೂ ಕಡೆ ಕಡಲು ಅಷ್ಟು ಹತ್ತಿರ ಇದೆ. ಆದರೆ ನಿಂತಿರುವ ಸ್ಟೇಷನ್ನಿನ ಗೋಡೆಗಳನ್ನಾದರೂ ಜೋಪಾನ ಮಾಡಬೇಕು. ಪಕ್ಕದಲ್ಲೇ ಕಪ್ಪೆಚಿಪ್ಪಿನ ಸರ ಮಾರುವ ಅಂಗಡಿಗಳು, ಗೋಡೆ ಹತ್ತಿ ಸೆಲ್ಫಿ ತೆಗೆಯುವವರು. ನಾನು ಹೋದಾಗ ವ್ಯಾನಿನವರು ಹೇಳಿದ್ದು ದೆವ್ವದ ಕಥೆ. ಇಲ್ಲಿಂದ ಲಕ್ಷಗಟ್ಟಲೆ ಕೂಲಿಗಳು ಹಡಗು ಹತ್ತಿದರು ಅಂತ ಒಂದು ಬೋರ್ಡು ನಿಲ್ಲಿಸುವುದು ಕಷ್ಟವಾ?

ಅದು ತಮಿಳುನಾಡಿನ, ರೈಲ್ವೆಯ ಕೆಲಸ ಅನ್ನಿ. ನಮ್ಮ ಕೈಯಲ್ಲಿರುವುದು ಸುಳ್ಯ, ಪುತ್ತೂರಿನ ಭಾಗ. ನಿಮ್ಮ ವರದಿಗಾರರು ಒಂದು ವಾರ ಆ ತೋಟದ ಲೈನ್ ಮನೆಗಳಿಗೆ, ಅಂದರೆ ಕೆಲಸಗಾರರ ಸಾಲು ಮನೆಗಳಿಗೆ, ಹೋಗಿ, ಹಡಗಿನಲ್ಲಿ ಬಂದದ್ದು ನೆನಪಿರುವ ಹಿರಿಯರನ್ನು ಮಾತಾಡಿಸಿ ಬರೆಯಲಿ. ಮಂಗಳೂರು ವಿಶ್ವವಿದ್ಯಾಲಯದವರು ಅವರ ಮಾತನ್ನು ಅವರ ಭಾಷೆಯಲ್ಲೇ ರೆಕಾರ್ಡ್ ಮಾಡಿಡಲಿ. ಆಗ 20ರ ಪ್ರಾಯದವರಿಗೆ ಈಗ 70 ದಾಟಿದೆ, ಮುಂದಕ್ಕೆ ಹಾಕುವ ಕೆಲಸ ಇದಲ್ಲ. ನೀವು ಯಾರನ್ನಾದರೂ ಕಳಿಸುವುದಾದರೆ ದಾರಿ ತೋರಿಸಲು, ತಮಿಳು ಬಲ್ಲ ಊರಿನ ಹುಡುಗರನ್ನು ಜೊತೆ ಮಾಡಿಕೊಡಲು ನಾನು ತಯಾರಿದ್ದೇನೆ.

ಇತಿ,
ನಿಮ್ಮ ಹಳೇ ಓದುಗ, ಪುತ್ತೂರು