ಊಟದ ಶೆಡ್ಡಿಗೆ ಪಕ್ಕದ ಮಾಡು: ಪೋಷಕರಿಗೆ ಒಂದು ಪತ್ರ

ಎಲ್ಲಾ ಪೋಷಕರಿಗೆ ನಮಸ್ಕಾರ.

ಬಿಸಿಯೂಟದ ಶೆಡ್ಡಿನ ಪಕ್ಕಕ್ಕೆ ಒಂದು ಮಾಡು (ಇಳಿಜಾರು ಚಾವಣಿ) ಇಳಿಸುವುದೆಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ತೀರ್ಮಾನವಾಗಿದೆ. ಮಳೆಗಾಲದಲ್ಲಿ ಮಕ್ಕಳು ಎರಡು ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ. ಎರಡನೇ ಪಂಕ್ತಿಗೆ ಸಾರು ತಣ್ಣಗಾಗಿರುತ್ತದೆ, ಮಧ್ಯಾಹ್ನದ ಮೊದಲ ಪೀರಿಯಡ್ಡೂ ಅರ್ಧ ಹೋಗಿರುತ್ತದೆ. ಹಾಗಾಗಿ ಮಾಡು ಬೇಕೋ ಬೇಡವೋ ಎಂಬ ಚರ್ಚೆ ಇಲ್ಲ. ಹೇಗೆ ಕಟ್ಟಬೇಕು ಎಂಬುದರಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ಮಾತು. ಸಭೆಗೆ ಬರಲಾಗದವರಿಗೂ ಗೊತ್ತಾಗಲಿ ಎಂದು ಸ್ವಲ್ಪ ಬಿಡಿಸಿಯೇ ಬರೆಯುತ್ತಿದ್ದೇನೆ.

ಹಳೇ ಮರದ ಕಂಬಗಳಿಗೇ ಅಡ್ಡ ಪಟ್ಟಿ ಹೊಡೆದು ಮಾಡು ಇಳಿಸಿದರೆ ಖರ್ಚು ಉಳಿಯುತ್ತದೆ ಎಂದು ಹಲವರು ಹೇಳಿದಿರಿ. ಕಂಬ ಗಟ್ಟಿ ಇದ್ದರೆ ಆ ಮಾತು ಸರಿ. ಮೊನ್ನೆ ಮೇಸ್ತ್ರಿ ಜೊತೆ ಪ್ರತಿ ಕಂಬದ ಬುಡದ ಮಣ್ಣು ಒಂದು ಗೇಣು ಬಿಡಿಸಿ ನೋಡಿದೆವು. ಮೇಲಿಂದ ನೋಡಿದರೆ ಯಾವುದಕ್ಕೂ ಏನೂ ಆಗಿಲ್ಲ. ಆದರೆ ಅಡುಗೆ ಕೋಣೆ ಕಡೆಯ ಮೂಲೆ ಕಂಬಕ್ಕೆ ಸ್ಕ್ರೂಡ್ರೈವರ್ ಒತ್ತಿದರೆ ಎರಡು ಬೆರಳಷ್ಟು ಒಳಗೇ ಹೋಯಿತು. ಹೊರಬಂದಿದ್ದು ಗೆದ್ದಲು ಮಣ್ಣು. ಹೂತ ಮರ ಮೊದಲು ಲಡ್ಡಾಗುವುದು ನೆಲದ ಮಟ್ಟದಲ್ಲೇ. ನೀರು, ಗಾಳಿ ಎರಡೂ ಒಟ್ಟಿಗೆ ಸಿಗುವುದು ಅಲ್ಲೇ ಅಲ್ವಾ? ಆ ಕಂಬವನ್ನು ಬದಲಿಸುತ್ತೇವೆ. ಉಳಿದವುಗಳ ಮೇಲೂ ಹೊಸ ಮಾಡನ್ನು ಹೊರಿಸುವುದಿಲ್ಲ. ಹೊಸದಕ್ಕೆ ಎರಡು ಸಾಲು ಜಿಐ (ಸತುವು ಲೇಪಿಸಿದ ಕಬ್ಬಿಣದ) ಪೈಪಿನ ಕಂಬ ಬೇರೆಯೇ ಬರುತ್ತವೆ. ಹಳೇ ಮಾಡಿಗೂ ಹೊಸ ಮಾಡಿಗೂ ಇರುವ ಸಂಬಂಧ ಒಂದು ತಗಡಿನ ಪಟ್ಟಿ ಮಾತ್ರ. ಅದನ್ನೂ ಒಂದೇ ಬದಿಗೆ ಸ್ಕ್ರೂ ಮಾಡುತ್ತೇವೆ. ನಾಳೆ ಒಂದು ಅಲುಗಾಡಿದರೆ ಇನ್ನೊಂದನ್ನು ಎಳೆಯಬಾರದು.

ನಿಜ ಹೇಳಬೇಕೆಂದರೆ ಮಾಡಿಗೆ ಹೊದಿಸುವ ತಗಡಿನ ಶೀಟಿನ ಭಾರ ದೊಡ್ಡದಲ್ಲ. 40 ಅಡಿ ಉದ್ದ, 12 ಅಡಿ ಅಗಲದ ಮಾಡಿಗೆ ಅರ್ಧ ಮಿ.ಮೀ. ದಪ್ಪದ ಶೀಟು ಎಲ್ಲ ಸೇರಿ ಸುಮಾರು 2 ಕ್ವಿಂಟಲ್. ತೊಂದರೆ ಇರುವುದು ಗಾಳಿಯಿಂದ. ಮೂರು ಕಡೆ ತೆರೆದ ಮಾಡಿನ ಅಡಿಗೆ ಗಾಳಿ ನುಗ್ಗಿದರೆ ಅದು ಮಾಡನ್ನು ಮೇಲಕ್ಕೆ ಎತ್ತುತ್ತದೆ, ಕಂಬವನ್ನೂ ಕೀಳಲು ನೋಡುತ್ತದೆ. ಅದಕ್ಕೇ ಗುಂಡಿ 3 ಅಡಿ ಆಳ. ಪೈಪಿನ ತುದಿಗೆ ಅಡ್ಡಲಾಗಿ ಸರಳು ಬೆಸೆದು ಕಾಂಕ್ರೀಟಿನಲ್ಲಿ ಹೂಳುತ್ತೇವೆ. ಪಶ್ಚಿಮಕ್ಕೆ ಜಾಗ ಸಮತಟ್ಟಾಗಿದೆ, ಅಲ್ಲೇ ಇಳಿಸಿ ಎಂಬ ಸಲಹೆಯನ್ನು ಬಿಟ್ಟು ಪೂರ್ವಕ್ಕೆ ಹೋಗಿದ್ದೂ ಇದೇ ಕಾರಣಕ್ಕೆ. ಜೂನ್, ಜುಲೈಯಲ್ಲಿ ಗಾಳಿ, ಎರಚಲು ಪಶ್ಚಿಮದ ಕಡೆಯಿಂದಲೇ ಬರುತ್ತದೆ ಎಂದು ಭಾರೀ ಮಳೆಯ ಆಗುಂಬೆ ಮಗ್ಗುಲಲ್ಲೇ ಇರುವ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಇನ್ನು ಅಗಲದ ವಿಷಯ. ಹೇಗೂ ಕಟ್ಟುತ್ತೀರಿ, 16 ಅಡಿ ಮಾಡಿ ಎಂದು ಕೇಳಿದವರು ಜಾಸ್ತಿ. ಲೆಕ್ಕ ಹಾಕಿ ನೋಡಿ. ಹಳೇ ಮಾಡಿನ ಅಂಚು ನೆಲದಿಂದ 10 ಅಡಿ ಎತ್ತರದಲ್ಲಿದೆ. ಅದರ ಅಡಿಗೆ ಸೇರಿಸಲು ಹೊಸ ಮಾಡು ಅರ್ಧ ಅಡಿ ಕೆಳಗೆ ಶುರುವಾಗಬೇಕು. ನಮ್ಮ ಮಳೆಗೆ 5 ಅಡಿಗೆ 1 ಅಡಿ ಇಳಿಜಾರು ಬೇಕೇ ಬೇಕು. 12 ಅಡಿ ಅಗಲಕ್ಕೆ ಹೊರಗಿನ ಕಂಬದ ಹತ್ತಿರ 7 ಅಡಿ ಎತ್ತರ ಸಿಗುತ್ತದೆ. 16 ಅಡಿ ಮಾಡಿದರೆ 6 ಅಡಿ ಚಿಲ್ಲರೆ. ಮಕ್ಕಳಿಗೆ ಪರವಾಗಿಲ್ಲ, ಅನ್ನದ ಪಾತ್ರೆ ಹೊತ್ತು ಬರುವ ಅಡುಗೆಯಕ್ಕನ ಹಣೆಗೆ ಶೀಟಿನ ಅಂಚು! ಇಳಿಜಾರು ಕಮ್ಮಿ ಮಾಡಿದರೆ ಶೀಟಿನ ಜೋಡಣೆಯಲ್ಲಿ ನೀರು ಹಿಂದಕ್ಕೆ ಬರುತ್ತದೆ. ಹಾಗಾಗಿ 12 ಅಡಿಗೇ ನಿಲ್ಲಿಸಿದ್ದೇವೆ. ಇಳಿಜಾರು, ಅಂಚಿನ ಚಾಚು ಎಲ್ಲ ಸೇರಿ 14 ಅಡಿಯ ಒಂದೇ ಶೀಟು ಮೇಲಿಂದ ಕೆಳಗಿನವರೆಗೆ ಬರುತ್ತದೆ, ನಡುವೆ ಜೋಡಣೆ ಇಲ್ಲ.

ಒಬ್ಬರು ಹಳೇ ಸಿಮೆಂಟ್ ಶೀಟು ಸುಮ್ನೆ ಬಿದ್ದಿದೆ, ತಗೊಳ್ಳಿ ಎಂದಿದ್ದಾರೆ. ಅವರ ಮನಸ್ಸು ದೊಡ್ಡದು. ಆದರೆ ಹಳೇ ಸಿಮೆಂಟ್ ಶೀಟಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ. ಕೊಯ್ದರೆ, ತೂತು ಮಾಡಿದರೆ ಏಳುವ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮಕ್ಕಳು ಕೂತು ಉಣ್ಣುವ ಜಾಗಕ್ಕೆ ಅದು ಬೇಡ. ಬೇಜಾರು ಮಾಡಿಕೊಳ್ಳಬೇಡಿ.

ನೀರಿನದ್ದೂ ಒಂದು ಮಾತು. ಹಳೇ ಮಾಡಿನ ಪೂರ್ವದ ಅರ್ಧದ ನೀರೂ ಇನ್ನು ಹೊಸ ಮಾಡಿನ ಮೇಲೇ ಬೀಳುತ್ತದೆ. ಎರಡೂ ಸೇರಿ 880 ಚದರ ಅಡಿ. 1 ಸೆಂ.ಮೀ. ಮಳೆಗೆ 800 ಲೀಟರ್ ದಾಟುತ್ತದೆ. ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ (ಮಾಡಿನ ನೀರು ಹರಿಸುವ ದೋಣಿಯಲ್ಲಿ) ಇದು ಆಗುವ ಕೆಲಸವಲ್ಲ. ದೊಡ್ಡ ತಗಡಿನ ದಂಬೆಯನ್ನೇ ಕೂರಿಸಿ, ನೀರನ್ನು ಅಡುಗೆ ಕೋಣೆಯ ಬಾಗಿಲಿಂದ ದೂರ, ಶಾಲೆಯ ಕೈತೋಟದ ಚರಂಡಿಗೆ ಬಿಡುತ್ತೇವೆ.

ಬೇಸಿಗೆ ರಜೆ ಶುರುವಾದ ಮೊದಲ ಭಾನುವಾರ ಬೆಳಿಗ್ಗೆ 8 ಗಂಟೆಗೆ ಗುಂಡಿ ತೆಗೆಯುವ ಶ್ರಮದಾನ ಇದೆ. ಪಂಚಾಯಿತಿ ಎಂಜಿನಿಯರ್ ಬಂದು ಗುರುತು ಹಾಕಿಕೊಡುತ್ತಾರೆ. ಹಣ ಕೊಡಬೇಕಿಲ್ಲ. ಹಾರೆ, ಗುದ್ದಲಿ, ಮಣ್ಣಿನ ಬುಟ್ಟಿ ಇದ್ದವರು ತನ್ನಿ. ವೆಲ್ಡಿಂಗ್ ಮತ್ತು ಶೀಟು ಹೊದಿಸುವುದು ಕೆಲಸ ಗೊತ್ತಿದ್ದವರಿಗೇ ಇರಲಿ. ಆ ದಿನಗಳಲ್ಲಿ ಮಕ್ಕಳನ್ನು ದಯವಿಟ್ಟು ಕರೆತರಬೇಡಿ. ವೆಲ್ಡಿಂಗ್ ಬೆಳಕು ನೋಡಬೇಡ ಎಂದರೆ ನೋಡದ ಮಗು ನಮ್ಮ ಶಾಲೆಯಲ್ಲಿ ಒಂದೂ ಇಲ್ಲ.

ಯಾವ ಮನೆಯಿಂದ ಯಾರು ಬರುತ್ತೀರಿ ಎಂದು ಶುಕ್ರವಾರದೊಳಗೆ ಮಕ್ಕಳ ಕೈಲಿ ಚೀಟಿ ಕಳಿಸಿದರೆ ತಿಂಡಿ, ಕಾಫಿಗೆ ಅಕ್ಕಂದಿರಿಗೆ ಹೇಳಲು ಅನುಕೂಲ.

ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು